ಉಪ್ಪುನೀರಿನ ಅಕ್ವೇರಿಯಂನಲ್ಲಿ ಪಾಚಿ ನಿಯಂತ್ರಣ: ಮೈಸೂರು, ಮಂಡ್ಯದ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಉಪ್ಪುನೀರಿನ ಅಕ್ವೇರಿಯಂನಲ್ಲಿ ಕಾಣಿಸಿಕೊಳ್ಳುವ ಪಾಚಿಯ ಪ್ರತಿಯೊಂದು ಎಳೆಯೂ ನಾವೇ ತೊಟ್ಟಿಯೊಳಗೆ ಸೇರಿಸಿದ ಪದಾರ್ಥದಿಂದ ಬೆಳೆದದ್ದು. ಅದರ ಮೈಯಲ್ಲಿರುವ ಸಾರಜನಕ ಮತ್ತು ರಂಜಕಗಳು ಮೀನಿಗೆ ಹಾಕಿದ ಆಹಾರದಿಂದ, ತುಂಬಿದ ನೀರಿನಿಂದ ಅಥವಾ ಕಲ್ಲಿನೊಳಗೆ ಮೊದಲೇ ಅಡಗಿದ್ದ ಕೊಳೆಯಿಂದ ಬಂದಿರುತ್ತವೆ. ಒಳಚರಂಡಿಯ ನೀರು ಸೇರಿದಾಗ ಕುಕ್ಕರಹಳ್ಳಿ ಕೆರೆ ಹಸಿರಾಗಿ ತಿರುಗಿದ್ದನ್ನು ಕಂಡ ಮೈಸೂರಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮನೆಯ ತೊಟ್ಟಿಯಲ್ಲಿ ನಡೆಯುವುದೂ ಅದೇ, ಪ್ರಮಾಣ ಮಾತ್ರ ಚಿಕ್ಕದು. ಆದ್ದರಿಂದ ಅಂಗಡಿಯಲ್ಲಿ ಸಿಗುವ ಪಾಚಿನಾಶಕದ ಬಾಟಲಿಯಿಂದ ಕೆಲಸ ಆರಂಭಿಸಬಾರದು. ತೊಟ್ಟಿಗೆ ಎಷ್ಟು ಪೋಷಕಾಂಶ ಬರುತ್ತಿದೆ, ಎಷ್ಟು ಹೊರಹೋಗುತ್ತಿದೆ ಎಂಬ ಜಮಾಖರ್ಚನ್ನು ಸರಿಪಡಿಸುವುದೇ ಮೊದಲ ಕೆಲಸ, ಔಷಧಿ ಕೊನೆಯದು. ಈ ಮಾರ್ಗದರ್ಶಿಯ ಹೆಜ್ಜೆಗಳನ್ನು ಅದೇ ಕ್ರಮದಲ್ಲಿ ಜೋಡಿಸಿದ್ದೇನೆ, ಓದುಗರು ಸಾಧ್ಯವಾದಷ್ಟು ಅದೇ ಕ್ರಮವನ್ನು ಪಾಲಿಸಬೇಕೆಂದು ಕೋರುತ್ತೇನೆ.

ಲೆಕ್ಕಾಚಾರಕ್ಕೆ ಅನುಕೂಲವಾಗಲೆಂದು ಎಲ್ಲ ಉದಾಹರಣೆಗಳಲ್ಲೂ 200 ಲೀಟರ್ ನೀರು ಹಿಡಿಯುವ ತೊಟ್ಟಿಯನ್ನು ಇಟ್ಟುಕೊಂಡಿದ್ದೇನೆ. ಮೂರೂವರೆಯಿಂದ ನಾಲ್ಕು ಅಡಿ ಉದ್ದದ, ಹಾಲ್‌ನ ಒಂದು ಗೋಡೆಗೆ ಹೊಂದಿಕೊಂಡಿರುವ ಸಾಮಾನ್ಯ ತೊಟ್ಟಿಯ ಗಾತ್ರ ಸುಮಾರು ಇಷ್ಟಿರುತ್ತದೆ.

ಮೊದಲ ಹೆಜ್ಜೆ: ಬಂದಿರುವುದು ಯಾವ ಪಾಚಿ ಎಂದು ಗುರುತಿಸಿಕೊಳ್ಳಿ

ಎಲ್ಲ ಪಾಚಿಯೂ ಶತ್ರುವಲ್ಲ. ಕಲ್ಲಿನ ಮೇಲೆ ನೇರಳೆ ಅಥವಾ ಗುಲಾಬಿ ಬಣ್ಣದ ಗಟ್ಟಿ ಪದರದಂತೆ ಹರಡುವ ಕೋರಲೈನ್ ಪಾಚಿ ಒಳ್ಳೆಯ ಲಕ್ಷಣ. ಅದು ಹಿಡಿದ ಜಾಗದಲ್ಲಿ ಬೇರೆ ಪಾಚಿಗಳು ಸುಲಭವಾಗಿ ನೆಲೆಯೂರುವುದಿಲ್ಲ. ಗಾಜಿನ ಮೇಲೆ ಎರಡು ಮೂರು ದಿನಕ್ಕೊಮ್ಮೆ ಒರೆಸಬೇಕಾದಷ್ಟು ತೆಳುವಾದ ಹಸಿರು ಪೊರೆ ಕಟ್ಟುವುದೂ ಸಹಜ. ಅಂತಹ ಪೊರೆ ಸ್ವಲ್ಪವೂ ಕಾಣದ ತೊಟ್ಟಿಯ ಬಗ್ಗೆಯೇ ನಾನು ಹೆಚ್ಚು ಅನುಮಾನ ಪಡುತ್ತೇನೆ, ಕಾರಣವನ್ನು ಮುಂದೆ ಹೇಳುತ್ತೇನೆ.

ಹೊಸ ತೊಟ್ಟಿಯಲ್ಲಿ ಮೊದಲ ಕೆಲವು ವಾರಗಳಲ್ಲಿ ಮರಳಿನ ಮೇಲೆ ಕಂದು ಬಣ್ಣದ ಪುಡಿಯಂತೆ ಕೂರುವುದು ಡಯಾಟಮ್. ಇದರ ಕವಚ ಸಿಲಿಕಾದಿಂದ ಆದದ್ದು, ನೀರಿನಲ್ಲಿರುವ ಸಿಲಿಕೇಟ್ ಮುಗಿದಂತೆ ಇದೂ ತಾನಾಗಿಯೇ ಕಡಿಮೆಯಾಗುತ್ತದೆ. ಹೊಸ ತೊಟ್ಟಿಯ ಡಯಾಟಮ್‌ಗೆ ಔಷಧಿ ಹಾಕುವುದು ಹಣ ಮತ್ತು ಸಮಯ ಎರಡಕ್ಕೂ ನಷ್ಟ. ಆದರೆ ಆರು ತಿಂಗಳು ದಾಟಿದ ತೊಟ್ಟಿಯಲ್ಲೂ ಅದು ಮರಳಿ ಮರಳಿ ಬರುತ್ತಿದ್ದರೆ, ಹೊರಗಿನಿಂದ ತುಂಬುವ ನೀರಿನಲ್ಲಿ ಸಿಲಿಕೇಟ್ ಇದೆಯೆಂದು ತಿಳಿಯಬೇಕು.

ಹಸಿರು ಕೂದಲಿನಂತೆ ಉದ್ದವಾಗಿ ಬೆಳೆದು ಅಲೆಯೊಂದಿಗೆ ಆಡುವುದು ಕೂದಲು ಪಾಚಿ. ಹಕ್ಕಿಯ ಗರಿಯಂತೆ ಎರಡೂ ಬದಿಗೆ ಕವಲೊಡೆದಿದ್ದರೆ ಅದು ಬ್ರಯಾಪ್ಸಿಸ್. ಇದರ ಚಿಕಿತ್ಸೆಯೇ ಬೇರೆಯಾದ್ದರಿಂದ ಭೂತಗನ್ನಡಿ ಹಿಡಿದಾದರೂ ಈ ವ್ಯತ್ಯಾಸವನ್ನು ನೋಡಿಕೊಳ್ಳಬೇಕು. ಹೊಳೆಯುವ ಹಸಿರು ಗುಳ್ಳೆಗಳಂತೆ ಕಲ್ಲಿನ ಸಂದಿಯಲ್ಲಿ ಕೂರುವುದು ವಲೋನಿಯಾ. ಕೆಂಪು ಅಥವಾ ಕಡುನೇರಳೆ ಬಣ್ಣದ ಲೋಳೆಯ ಹಾಳೆಯಂತೆ ಮರಳನ್ನು ಹೊದ್ದುಕೊಂಡು, ಕೊಳವೆಯಿಂದ ಎಳೆದರೆ ಚಾಪೆಯಂತೆ ಎದ್ದು ಬರುವುದು ಸಯನೋಬ್ಯಾಕ್ಟೀರಿಯಾ. ಇದು ಪಾಚಿಯಂತೆ ಕಂಡರೂ ನಿಜವಾಗಿ ಬ್ಯಾಕ್ಟೀರಿಯಾ. ಮೈಸೂರಿನ ಚೆಲುವಾಂಬ ಅರಮನೆಯಲ್ಲಿರುವ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಬೆಳೆಸುವ ತಂತ್ರವನ್ನು ರೂಪಿಸಿದ ಸ್ಪಿರುಲಿನಾ ಕೂಡ ಇದೇ ಗುಂಪಿಗೆ ಸೇರಿದ್ದು. ಸ್ಪಿರುಲಿನಾ ಕೊಳಕ್ಕೆ ಬೆಳಕು, ಬಿಸಿ, ಪೋಷಕಾಂಶಗಳನ್ನು ಬೇಕೆಂದೇ ಒದಗಿಸುತ್ತಾರೆ; ನಮ್ಮ ತೊಟ್ಟಿಗಳಲ್ಲಿ ಅದೇ ಮೂರು ಅರಿವಿಲ್ಲದೆ ಒದಗುತ್ತವೆ.

ಕಂದು ಬಣ್ಣದ, ಮೂಗಿನ ಸಿಂಬಳದಂತೆ ಎಳೆಎಳೆಯಾಗಿ ಜೋತಾಡುವ, ಎಳೆಗಳ ತುದಿಯಲ್ಲಿ ಗಾಳಿಗುಳ್ಳೆ ಹಿಡಿದಿರುವ ಲೋಳೆ ಕಂಡರೆ ಅದು ಡೈನೋಫ್ಲಾಜೆಲೇಟ್ ಆಗಿರುವ ಸಾಧ್ಯತೆ ಹೆಚ್ಚು. ಇದನ್ನು ಖಚಿತಪಡಿಸಿಕೊಳ್ಳುವ ಸರಳ ಪರೀಕ್ಷೆಯೊಂದಿದೆ. ಸ್ವಲ್ಪ ಲೋಳೆಯನ್ನು ತೊಟ್ಟಿಯ ನೀರಿನೊಂದಿಗೆ ಚಿಕ್ಕ ಬಾಟಲಿಗೆ ತೆಗೆದುಕೊಂಡು ಜೋರಾಗಿ ಕುಲುಕಿ, ಟಿಶ್ಯೂ ಕಾಗದದಲ್ಲಿ ಸೋಸಿ, ಸೋಸಿದ ನೀರನ್ನು ಒಂದು ಗಂಟೆ ಬೆಳಕಿನಲ್ಲಿಡಿ. ತಿಳಿಯಾಗಿದ್ದ ನೀರಿನಲ್ಲಿ ಮತ್ತೆ ಎಳೆಗಳು ಕೂಡಿಕೊಂಡರೆ ಅದು ಡೈನೋ; ಕೂಡಿಕೊಳ್ಳದಿದ್ದರೆ ಸಯನೋ ಅಥವಾ ಡಯಾಟಮ್ ಎಂದು ಭಾವಿಸಬಹುದು. ಡೈನೋಗಳಲ್ಲಿ ಆಸ್ಟ್ರಿಯಾಪ್ಸಿಸ್‌ನಂತಹ ಕೆಲವು ವಿಷಕಾರಿ, ಅವನ್ನು ತಿಂದ ಬಸವನಹುಳುಗಳು ಸಾಯುವುದುಂಟು. ಆದ್ದರಿಂದ ಈ ಲೋಳೆಯನ್ನು ಬರಿಗೈಯಲ್ಲಿ ಮುಟ್ಟದೆ ಕೈಗವಸು ಹಾಕಿಕೊಳ್ಳಿ.

ಎರಡನೆಯ ಹೆಜ್ಜೆ: ಅಳೆಯಿರಿ, ಬರೆದಿಡಿ

ಸಾರಜನಕ ಮತ್ತು ರಂಜಕ ನೀರಿನಲ್ಲಿ ಕರಗಿರುವ ರೂಪಗಳಾದ ನೈಟ್ರೇಟ್ ಮತ್ತು ಫಾಸ್ಫೇಟ್, ಇವೆರಡನ್ನು ಅಳೆಯುವ ಕಿಟ್ ಇಲ್ಲದೆ ಪಾಚಿಯೊಂದಿಗೆ ಹೋರಾಡಲಾಗದು. ಫಾಸ್ಫೇಟ್‌ಗೆ ಕಡಿಮೆ ಪ್ರಮಾಣವನ್ನೂ ತೋರಿಸಬಲ್ಲ ಉಪ್ಪುನೀರಿನ ಕಿಟ್ ಅಥವಾ ಚಿಕ್ಕ ಡಿಜಿಟಲ್ ಕಲರಿಮೀಟರ್ ಬೇಕು, ಏಕೆಂದರೆ ನಮಗೆ ಮುಖ್ಯವಾದ ವ್ಯತ್ಯಾಸಗಳೆಲ್ಲ 0.1 ಪಿಪಿಎಂನ (ಒಂದು ಪಿಪಿಎಂ ಎಂದರೆ ಸುಮಾರಾಗಿ ಲೀಟರಿಗೆ ಒಂದು ಮಿಲಿಗ್ರಾಂ) ಆಸುಪಾಸಿನಲ್ಲೇ ನಡೆಯುತ್ತವೆ. ನೈಟ್ರೇಟ್ 2ರಿಂದ 10 ಪಿಪಿಎಂ, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ನಡುವೆ ಇದ್ದರೆ ಒಳ್ಳೆಯದು. ಮೀನು ಮಾತ್ರ ಇರುವ ತೊಟ್ಟಿಯಲ್ಲಿ ನೈಟ್ರೇಟ್ 20ರವರೆಗೆ ಹೋದರೂ ಗಾಬರಿಪಡಬೇಕಿಲ್ಲ. ಕಿಟ್ ಕೊಳ್ಳುವಾಗ ಅದು ತೋರಿಸುವುದು ನೈಟ್ರೇಟ್ ಅನ್ನೋ ಅಥವಾ ನೈಟ್ರೇಟ್ ರೂಪದ ಸಾರಜನಕವನ್ನೋ ಎಂದು ಓದಿಕೊಳ್ಳಿ. ಎರಡನೆಯದಾದರೆ ಬಂದ ಸಂಖ್ಯೆಯನ್ನು 4.4ರಿಂದ ಗುಣಿಸಬೇಕು.

ಇಲ್ಲಿ ಅನೇಕರು ಮೋಸಹೋಗುವ ಒಂದು ಸಂಗತಿಯಿದೆ. ಕಲ್ಲಿನ ಮೇಲೆಲ್ಲ ಪಾಚಿ ಹುಲುಸಾಗಿ ಬೆಳೆದಿರುವ ತೊಟ್ಟಿಯಲ್ಲಿ ಅಳೆದಾಗ ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ ಬರುವುದುಂಟು. ಪೋಷಕಾಂಶ ಇಲ್ಲವೆಂದು ಇದರ ಅರ್ಥವಲ್ಲ, ಬಂದದ್ದನ್ನೆಲ್ಲ ಪಾಚಿಯೇ ಹೀರಿಕೊಂಡು ತನ್ನ ಮೈಯಾಗಿ ಮಾಡಿಕೊಂಡಿದೆಯೆಂದು ಅರ್ಥ. ಹಾಗಾಗಿ ಕಿಟ್‌ನ ಸಂಖ್ಯೆಯನ್ನು ಯಾವಾಗಲೂ ಕಣ್ಣಿಗೆ ಕಾಣುವ ಪಾಚಿಯೊಂದಿಗೆ ಸೇರಿಸಿಯೇ ಓದಬೇಕು. ಒಂದು ನೋಟ್‌ಪುಸ್ತಕದಲ್ಲಿ ವಾರಕ್ಕೊಮ್ಮೆ ದಿನಾಂಕ, ನೈಟ್ರೇಟ್, ಫಾಸ್ಫೇಟ್, ಉಪ್ಪಿನಂಶ, ಉಷ್ಣತೆ ಮತ್ತು ಆ ವಾರ ಮಾಡಿದ ಬದಲಾವಣೆಯನ್ನು ಬರೆದು, ಒಂದೇ ಕೋನದಿಂದ ತೊಟ್ಟಿಯ ಫೋಟೊ ತೆಗೆದಿಟ್ಟುಕೊಳ್ಳಿ. ಒಮ್ಮೆಗೆ ಒಂದೇ ಬದಲಾವಣೆ ಮಾಡಿ ಎರಡು ವಾರವಾದರೂ ಕಾಯದಿದ್ದರೆ ಯಾವುದರಿಂದ ಗುಣವಾಯಿತೆಂಬುದೇ ತಿಳಿಯದೆ ಹೋಗುತ್ತದೆ.

ಮೂರನೆಯ ಹೆಜ್ಜೆ: ಒಳಗೆ ಬರುವ ನೀರನ್ನು ಶುದ್ಧಗೊಳಿಸಿ

ನಮ್ಮ ಭಾಗದ ತೊಟ್ಟಿಗಳಲ್ಲಿ ಪಾಚಿಯ ಮೂಲ ಬಹುಪಾಲು ಇಲ್ಲಿಯೇ ಇದೆ ಎಂಬುದು ನನ್ನ ದೃಢವಾದ ಅಭಿಪ್ರಾಯ, ಆದ್ದರಿಂದ ಈ ಭಾಗವನ್ನು ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಮೈಸೂರು ನಗರದ ಬಹುಭಾಗಕ್ಕೆ ಕಾವೇರಿ ಮತ್ತು ಕಬಿನಿಯ ನೀರು ಬರುತ್ತದೆ. ಹೊರವಲಯದ ಅನೇಕ ಬಡಾವಣೆಗಳಲ್ಲಿ ಬೋರ್‌ವೆಲ್ ನೀರು, ಬೇಸಿಗೆಯಲ್ಲಿ ಟ್ಯಾಂಕರ್ ನೀರು ಅಥವಾ ಇವೆಲ್ಲ ಮನೆಯ ಸಂಪಿನಲ್ಲಿ ಬೆರೆತ ನೀರು ಬಳಕೆಯಲ್ಲಿದೆ. ಹಳೇ ಮೈಸೂರು ಸೀಮೆಯ ನೆಲದಡಿ ಇರುವುದು ಗ್ರಾನೈಟ್ ಮತ್ತು ನೈಸ್ ಜಾತಿಯ ಗಟ್ಟಿ ಬಂಡೆ. ಆ ಬಂಡೆ ಶಿಥಿಲವಾಗುವಾಗ ಕರಗುವ ಸಿಲಿಕಾ ಅಂತರ್ಜಲದಲ್ಲಿ ಸೇರಿರುತ್ತದೆ, ಡಯಾಟಮ್‌ಗೆ ಬೇಕಾದದ್ದು ಅದೇ. ಮಂಡ್ಯದ ಕಡೆ ಇನ್ನೊಂದು ತೊಡಕಿದೆ. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ಕಬ್ಬು ಮತ್ತು ಭತ್ತಕ್ಕೆ ಹಾಕುವ ಯೂರಿಯಾದ ಒಂದಂಶ ನೈಟ್ರೇಟ್ ಆಗಿ ಇಳಿದು ಬಾವಿ, ಬೋರ್‌ವೆಲ್‌ಗಳನ್ನು ಸೇರುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂವರೆಗೆ ಇರಬಹುದು. ಅಂದರೆ ಮನುಷ್ಯರು ಕುಡಿಯಲು ಯೋಗ್ಯವಾದ ನೀರು ಕೂಡ ಉಪ್ಪುನೀರಿನ ತೊಟ್ಟಿಗೆ ತೀರಾ ಗೊಬ್ಬರದ ನೀರಾಗಿರಬಹುದು.

ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡೋಣ. ತೊಟ್ಟಿಯಿಂದ ಆವಿಯಾಗುವುದು ಶುದ್ಧ ನೀರು ಮಾತ್ರ, ಅದರಲ್ಲಿ ಕರಗಿದ್ದೆಲ್ಲ ತೊಟ್ಟಿಯಲ್ಲೇ ಉಳಿಯುತ್ತದೆ. 200 ಲೀಟರ್ ತೊಟ್ಟಿಯಿಂದ ದಿನಕ್ಕೆ 2 ಲೀಟರ್ ಆವಿಯಾಗುತ್ತದೆ, ಆ ಜಾಗವನ್ನು ನಾವು 40 ಪಿಪಿಎಂ ನೈಟ್ರೇಟ್ ಇರುವ ಬೋರ್‌ವೆಲ್ ನೀರಿನಿಂದ ತುಂಬುತ್ತೇವೆ ಎಂದುಕೊಳ್ಳಿ. ಪ್ರತಿದಿನ 80 ಮಿಲಿಗ್ರಾಂ ನೈಟ್ರೇಟ್ ಒಳಬಂದು ತೊಟ್ಟಿಯ ಪ್ರಮಾಣ 0.4 ಪಿಪಿಎಂ ಏರುತ್ತದೆ, ತಿಂಗಳಿಗೆ 12 ಪಿಪಿಎಂ. ಒಂದೇ ಒಂದು ಮೀನನ್ನು ಸಾಕದೆಯೂ ಬೆಳೆಯಬಹುದಾದ ಪಾಚಿಯಿದು. ಏಪ್ರಿಲ್ ತಿಂಗಳಲ್ಲಿ ನೀರನ್ನು ತಂಪಾಗಿಡಲು ಮೇಲ್ಮೈಗೆ ಫ್ಯಾನ್ ಹಾಕಿದರೆ ಆವಿಯಾಗುವ ನೀರು 3 ಲೀಟರಿಗೆ ಏರಿ, ತಿಂಗಳ ಲೆಕ್ಕ 18 ಪಿಪಿಎಂ ಆಗುತ್ತದೆ. ಬೇಸಿಗೆಯಲ್ಲಿ ಪಾಚಿ ಹೆಚ್ಚಾಗುವುದಕ್ಕೆ ಬಿಸಿಲನ್ನು ಮಾತ್ರ ದೂರುವವರು ಈ ಲೆಕ್ಕವನ್ನು ಗಮನಿಸಬೇಕು.

ಪರಿಹಾರವೆಂದರೆ ಆರ್‌ಒ ಘಟಕ, ಅದರ ನಂತರ ಡಿಐ ರಾಳದ, ಅಂದರೆ ನೀರಿನಲ್ಲಿ ಉಳಿದ ಅಯಾನುಗಳನ್ನು ಹಿಡಿಯುವ ಹರಳುಗಳ, ಒಂದು ಹಂತ. ಅಡುಗೆಮನೆಯ ಆರ್‌ಒ ಯಂತ್ರದ ನೀರನ್ನೇ ಬಳಸಬಹುದೇ ಎಂದು ಹಲವರು ಕೇಳುತ್ತಾರೆ. ಅಡುಗೆಮನೆಯ ಅನೇಕ ಯಂತ್ರಗಳಲ್ಲಿ ರುಚಿಗಾಗಿ ಟಿಡಿಎಸ್ (ನೀರಿನಲ್ಲಿ ಕರಗಿದ ಪದಾರ್ಥಗಳ ಒಟ್ಟು ಪ್ರಮಾಣ) ಕಂಟ್ರೋಲರ್ ಎಂಬ ಚಿಕ್ಕ ವಾಲ್ವ್ ಇರುತ್ತದೆ, ಅದು ಶುದ್ಧವಾದ ನೀರಿಗೆ ಸ್ವಲ್ಪ ಕಚ್ಚಾ ನೀರನ್ನು ಮತ್ತೆ ಬೆರೆಸುತ್ತದೆ. ಕೆಲವದರಲ್ಲಿ ಖನಿಜ ಸೇರಿಸುವ ಕಾರ್ಟ್ರಿಡ್ಜ್ ಕೂಡ ಇರುತ್ತದೆ. ಅಂತಹ ನಲ್ಲಿಯಿಂದ ಬಂದ ನೀರು ಅಕ್ವೇರಿಯಂಗೆ ಬೇಡ. ಸರ್ವೀಸ್ ಮಾಡುವವರಿಗೆ ಹೇಳಿ ಮೆಂಬ್ರೇನ್‌ನಿಂದ ನೇರವಾಗಿ, ಆ ವಾಲ್ವ್‌ಗಿಂತ ಮೊದಲೇ ಒಂದು ಕವಲು ಕೊಳವೆಯನ್ನು ತೆಗೆಸಿಕೊಂಡು, ಅದಕ್ಕೆ ಡಿಐ ರಾಳದ ಕೊಳವೆಯನ್ನು ಜೋಡಿಸಿದರೆ ಸಾಕು. ಮೆಂಬ್ರೇನ್ ಸಾಮಾನ್ಯವಾಗಿ ಕರಗಿದ ಪದಾರ್ಥಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚನ್ನು ತಡೆಯುತ್ತದೆ. ಆದರೆ 800 ಟಿಡಿಎಸ್‌ನ ಬೋರ್‌ವೆಲ್ ನೀರು ನೂರಕ್ಕೆ ತೊಂಬತ್ತೈದು ಶುದ್ಧವಾದರೂ 40 ಉಳಿದಿರುತ್ತದೆ, ಅದರಲ್ಲಿ ನೈಟ್ರೇಟ್ ಮತ್ತು ಸಿಲಿಕೇಟ್ ಇದ್ದೇ ಇರುತ್ತವೆ. ಡಿಐ ರಾಳ ಆ ಕೊನೆಯ ಅಂಶವನ್ನು ಹಿಡಿಯುತ್ತದೆ. ಚಿಕ್ಕ ಟಿಡಿಎಸ್ ಮೀಟರ್ ಹಿಡಿದು ನೋಡಿದಾಗ ಡಿಐ ದಾಟಿದ ನೀರು ಸೊನ್ನೆ ತೋರಿಸಬೇಕು. 1 ಅಥವಾ 2 ಬರಲಾರಂಭಿಸಿದಾಗಲೇ ರಾಳವನ್ನು ಬದಲಿಸಿ, ಏಕೆಂದರೆ ರಾಳ ಸೋಲುವಾಗ ಮೊದಲು ಕೈಬಿಡುವವುಗಳಲ್ಲಿ ಸಿಲಿಕೇಟ್ ಒಂದು. ನಗರದ ನೀರಿನ ಕ್ಲೋರಿನ್ ಮೆಂಬ್ರೇನ್ ಅನ್ನು ಹಾಳುಮಾಡುವುದರಿಂದ ಮುಂಚಿನ ಕಾರ್ಬನ್ ಫಿಲ್ಟರನ್ನೂ ಸಮಯಕ್ಕೆ ಸರಿಯಾಗಿ ಬದಲಿಸಬೇಕು. ಆರ್‌ಒ ಹೊರಬಿಡುವ ತ್ಯಾಜ್ಯ ನೀರನ್ನು ನೆಲ ಒರೆಸಲು, ಬಚ್ಚಲು ತೊಳೆಯಲು ಹಿಡಿದಿಟ್ಟುಕೊಳ್ಳಿ.

ಕಡಲ ನೀರನ್ನೇ ತಂದು ತುಂಬುವ ಆಸೆ ಕೆಲವರಿಗಿರುತ್ತದೆ. ಮೈಸೂರಿನಿಂದ ಮಂಗಳೂರಿನ ಕಡಲು ಸುಮಾರು 250 ಕಿಲೋಮೀಟರ್ ದೂರ. ಅದಕ್ಕಿಂತ ಮುಖ್ಯವಾಗಿ, ನೈಋತ್ಯ ಮುಂಗಾರಿನ ಕಾಲದಲ್ಲಿ ಅರಬ್ಬಿ ಸಮುದ್ರದ ಆಳದ ನೀರು ಮೇಲೆದ್ದು ಕರಾವಳಿಯ ನೀರನ್ನು ಪೋಷಕಾಂಶಗಳಿಂದ ತುಂಬುತ್ತದೆ, ನದಿಗಳ ಕೆಸರು ನೀರೂ ಅದಕ್ಕೆ ಸೇರುತ್ತದೆ. ಮೀನುಗಾರಿಕೆಗೆ ಅದು ವರ, ನಮ್ಮ ತೊಟ್ಟಿಗೆ ಅಲ್ಲ. ಸೊನ್ನೆ ಟಿಡಿಎಸ್ ನೀರಿಗೆ ಅಕ್ವೇರಿಯಂ ಉಪ್ಪನ್ನು ಬೆರೆಸಿ ನೀರು ತಯಾರಿಸಿಕೊಳ್ಳುವುದೇ ನಂಬಲರ್ಹವಾದ ದಾರಿ.

ನಾಲ್ಕನೆಯ ಹೆಜ್ಜೆ: ಕೈಯಿಂದ ಕಿತ್ತು ಹೊರಹಾಕಿ

ಪಾಚಿಯ ಮೈಯೇ ಪೋಷಕಾಂಶದ ಗಂಟು, ಆದ್ದರಿಂದ ಅದನ್ನು ಕಿತ್ತು ತೊಟ್ಟಿಯಿಂದ ಹೊರಗೆ ಹಾಕುವುದು ಅತ್ಯಂತ ನೇರವಾದ, ಖರ್ಚಿಲ್ಲದ ಶುದ್ಧೀಕರಣ. ಕೀಳುವಾಗ ಚೂರುಗಳು ನೀರಿನಲ್ಲಿ ಹರಡಿದರೆ ಬೇರೆಡೆ ಮತ್ತೆ ಬೇರೂರುತ್ತವೆ. ಇದನ್ನು ತಪ್ಪಿಸಲು ಬೆರಳು ದಪ್ಪದ ಮೆದು ಕೊಳವೆಯ ಬಾಯಿಗೆ ಹಲ್ಲುಜ್ಜುವ ಬ್ರಷ್ಷಿನ ತಲೆಯನ್ನು ಕಟ್ಟಿ, ಉಜ್ಜುತ್ತಿರುವಾಗಲೇ ನೀರು ಬಕೆಟ್ಟಿಗೆ ಹರಿದು ಹೋಗುವಂತೆ ಮಾಡಿಕೊಳ್ಳಿ. ಬಕೆಟ್ಟಿನ ಬಾಯಿಗೆ ಹಳೆಯ ಪಂಚೆಯ ಬಟ್ಟೆ ಕಟ್ಟಿದರೆ ಪಾಚಿ ಬಟ್ಟೆಯಲ್ಲಿ ಉಳಿಯುತ್ತದೆ. ಹೊರತೆಗೆಯಬಹುದಾದ ಚಿಕ್ಕ ಕಲ್ಲುಗಳನ್ನು ತೊಟ್ಟಿಯ ನೀರೇ ತುಂಬಿದ ಬಕೆಟ್ಟಿನಲ್ಲಿ ಉಜ್ಜಿ, ಅದರಲ್ಲೇ ಅಲ್ಲಾಡಿಸಿ ಮರಳಿ ಇಡಿ. ನಲ್ಲಿ ನೀರಿನಲ್ಲಿ ತೊಳೆದರೆ ಕಲ್ಲಿನೊಳಗಿನ ಉಪಯುಕ್ತ ಬ್ಯಾಕ್ಟೀರಿಯಾ ಸತ್ತು ಅಮೋನಿಯಾ ಏರುತ್ತದೆ.

ಉಜ್ಜಿದರೂ ಪಾಚಿ ಬಿಡದ ಕಲ್ಲುಗಳಿಗೆ ಹೈಡ್ರೋಜನ್ ಪೆರಾಕ್ಸೈಡ್ ಸಹಾಯಕ. ನಮ್ಮ ಔಷಧಿ ಅಂಗಡಿಗಳಲ್ಲಿ ಸಾಮಾನ್ಯವಾಗಿ ದೊರೆಯುವುದು 6 ಪ್ರತಿಶತದ್ದು. ಅದಕ್ಕೆ ಸಮಪ್ರಮಾಣದ ಆರ್‌ಒ ನೀರು ಬೆರೆಸಿ 3 ಪ್ರತಿಶತಕ್ಕೆ ಇಳಿಸಿ, ಕಲ್ಲನ್ನು ಹೊರಗೆ ತೆಗೆದು ಪಾಚಿಯ ಮೇಲೆ ಮಾತ್ರ ಸುರಿದು, ಮೂರರಿಂದ ಐದು ನಿಮಿಷದ ನಂತರ ಉಪ್ಪುನೀರಿನಲ್ಲಿ ತೊಳೆದು ಮರಳಿ ಇಡಬೇಕು. ತೊಟ್ಟಿಯೊಳಗೆ ನೇರವಾಗಿ ಸುರಿಯುವುದನ್ನು ನಾನು ಒಪ್ಪುವುದಿಲ್ಲ. ಸಿಗಡಿಗಳಿಗೆ ಅದು ಅಪಾಯಕಾರಿ.

ಐದನೆಯ ಹೆಜ್ಜೆ: ಆಹಾರವನ್ನು ತೂಗಿ ನೋಡಿ

ಒಣ ಮೀನಿನ ಆಹಾರದಲ್ಲಿ ನೂರಕ್ಕೆ ಸುಮಾರು 45 ಭಾಗ ಪ್ರೋಟೀನ್, 1 ಭಾಗ ರಂಜಕ ಇದೆಯೆಂದು ಹಿಡಿದರೆ, ಅದರ ಒಂದು ಗ್ರಾಂ ಪೂರ್ತಿ ಕೊಳೆತಾಗ 200 ಲೀಟರ್ ತೊಟ್ಟಿಯಲ್ಲಿ ನೈಟ್ರೇಟ್ ಸುಮಾರು 1.6 ಪಿಪಿಎಂ, ಫಾಸ್ಫೇಟ್ ಸುಮಾರು 0.15 ಪಿಪಿಎಂ ಏರುತ್ತದೆ. ಫಾಸ್ಫೇಟ್‌ನ ಮೇಲ್ಮಿತಿಯೇ 0.1 ಎಂದು ನೆನೆದರೆ, ಬೆರಳ ತುದಿಯಲ್ಲಿ ಹಿಡಿದು ಉದುರಿಸುವ ಒಂದು ಚಿಟಿಕೆಯ ಬೆಲೆ ತಿಳಿಯುತ್ತದೆ. ಮೀನಿನ ಮೈಗೆ ಒಂದು ಪಾಲು ಸೇರುತ್ತದೆ, ಕೊಳೆಯನ್ನು ನೊರೆಯಾಗಿ ಎತ್ತುವ ಸ್ಕಿಮ್ಮರ್ ಯಂತ್ರ ಒಂದು ಪಾಲು ತೆಗೆಯುತ್ತದೆ ಎಂಬುದು ನಿಜ. ಉಳಿದದ್ದೆಲ್ಲ ಪಾಚಿಯ ಪಾಲು.

ಒಂದು ಜೋಡಿ ಕ್ಲೌನ್ ಮೀನು ಮತ್ತು ಎರಡು ಮೂರು ಚಿಕ್ಕ ಮೀನುಗಳಿಗೆ ದಿನಕ್ಕೆರಡು ಬಾರಿ, ಒಂದು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಸಾಕು. ಮಂಜುಗಟ್ಟಿದ ಆರ್ಟೀಮಿಯಾ ಅಥವಾ ಮೈಸಿಸ್ (ಸಿಗಡಿಯಂತಹ ಪುಟ್ಟ ಜೀವಿಗಳು) ಹಾಕುವುದಾದರೆ ಆರ್‌ಒ ನೀರಿನಲ್ಲಿ ಕರಗಿಸಿ, ಚಹಾ ಸೋಸುವ ಜಾಲರಿಯಲ್ಲಿ ಸೋಸಿ, ಆ ರಸವನ್ನು ಚೆಲ್ಲಿ ತಿರುಳನ್ನು ಮಾತ್ರ ಹಾಕಿ. ಮದುವೆಗೋ ಹಬ್ಬಕ್ಕೋ ಊರಿಗೆ ಹೋಗುವಾಗ ಆಹಾರದ ಡಬ್ಬಿಯನ್ನೇ ಪಕ್ಕದ ಮನೆಯವರ ಕೈಗೆ ಕೊಡಬೇಡಿ. ಪಾಪ, ಅವರು ಪ್ರೀತಿಯಿಂದ ಜಾಸ್ತಿಯೇ ಹಾಕುತ್ತಾರೆ. ದಿನಕ್ಕೊಂದರಂತೆ ಚಿಕ್ಕ ಪೊಟ್ಟಣ ಕಟ್ಟಿಟ್ಟು ಹೋಗಿ. ಎರಡು ದಿನದ ಪ್ರವಾಸವಾದರೆ ಆರೋಗ್ಯವಂತ ದೊಡ್ಡ ಮೀನುಗಳು ಉಪವಾಸವಿದ್ದರೂ ತೊಂದರೆಯಿಲ್ಲ.

ಆರನೆಯ ಹೆಜ್ಜೆ: ಬೆಳಕು ಮತ್ತು ಹರಿವು

ದೀಪವನ್ನು ಟೈಮರ್‌ಗೆ ಜೋಡಿಸಿ ದಿನಕ್ಕೆ 8 ಗಂಟೆಗೆ ಮಿತಿಗೊಳಿಸಿ. ಬಿಳಿ ಮತ್ತು ಕೆಂಪು ಬಣ್ಣದ ಪ್ರಮಾಣವನ್ನು ಇಳಿಸಿ, ನೀಲಿಯನ್ನು ಉಳಿಸಿಕೊಳ್ಳಬಹುದು. ಪೂರ್ವ ಅಥವಾ ಪಶ್ಚಿಮದ ಕಿಟಕಿಯಿಂದ ಬಿಸಿಲು ನೇರವಾಗಿ ಬೀಳುತ್ತಿದ್ದರೆ ದಪ್ಪ ಪರದೆ ಹಾಕಿ. ಆದರೆ ಬೆಳಕನ್ನು ಕಡಿಮೆ ಮಾಡುವುದರಿಂದ ಪಾಚಿಯ ಬೆಳವಣಿಗೆ ನಿಧಾನವಾಗುತ್ತದೆಯೇ ಹೊರತು ಪೋಷಕಾಂಶ ಎಲ್ಲಿಗೂ ಹೋಗುವುದಿಲ್ಲ.

ಹರಿವಿನ ವಿಷಯದಲ್ಲಿ, ಗಂಟೆಗೆ ತೊಟ್ಟಿಯ ಗಾತ್ರದ 10ರಿಂದ 20 ಪಟ್ಟು ನೀರು ತಿರುಗುವಂತೆ ವೇವ್‌ಮೇಕರ್‌ಗಳನ್ನು (ನೀರಿನಲ್ಲಿ ಅಲೆ ಎಬ್ಬಿಸುವ ಪಂಪ್‌ಗಳು) ಹೊಂದಿಸಿ. ಕಲ್ಲುಗಳನ್ನು ಗೋಡೆಯಂತೆ ಒತ್ತಾಗಿ ಜೋಡಿಸಿದರೆ ಹಿಂದೆ ಕೊಳೆ ನಿಂತು ಸಯನೋಗೆ ಹಾಸಿಗೆಯಾಗುತ್ತದೆ; ಸುತ್ತಲೂ ನೀರು ಹರಿಯಲು ಜಾಗ ಬಿಡಿ. ವಾರಕ್ಕೊಮ್ಮೆ ಪಿಚಕಾರಿಯಂತಹ ಪಿಪೆಟ್‌ನಿಂದ ಕಲ್ಲಿನ ಸಂದಿಗಳಿಗೆ ನೀರು ಊದಿ, ಎದ್ದ ಕೊಳೆಯನ್ನು ಫಿಲ್ಟರ್ ಸಾಕ್ಸ್‌ನಲ್ಲಿ (ನೀರು ಸೋಸುವ ಬಟ್ಟೆಯ ಚೀಲ) ಹಿಡಿದು, ಆ ಸಾಕ್ಸ್ ಅನ್ನು ಎರಡು ಮೂರು ದಿನದೊಳಗೆ ತೊಳೆಯಬೇಕು. ತೊಳೆಯದ ಸಾಕ್ಸ್‌ನಲ್ಲಿ ಕೊಳೆ ಕರಗಿ ಮತ್ತೆ ನೀರಿಗೇ ಸೇರುತ್ತದೆ.

ಏಳನೆಯ ಹೆಜ್ಜೆ: ನೀರು ಬದಲಿಸುವುದು

ವಾರಕ್ಕೆ ನೂರಕ್ಕೆ ಹತ್ತರಷ್ಟು ಬದಲಿಸುವುದು ಆರೋಗ್ಯವಂತ ತೊಟ್ಟಿಗೆ ಸಾಕು. ಪಾಚಿ ತುಂಬಿದ ತೊಟ್ಟಿಗೆ ಸಾಲದು. ನೈಟ್ರೇಟ್ 40 ಇದ್ದಾಗ ಹತ್ತರಷ್ಟು ಬದಲಿಸಿದರೆ 36ಕ್ಕೆ ಇಳಿಯುತ್ತದೆ, ಅಷ್ಟರಲ್ಲಿ ಆ ವಾರದ ಆಹಾರವೇ ಆ ನಾಲ್ಕನ್ನು ಮರಳಿ ತುಂಬಿಬಿಡುತ್ತದೆ. ನೂರಕ್ಕೆ ಇಪ್ಪತ್ತರಂತೆ ನಾಲ್ಕು ಬಾರಿ ಬದಲಿಸಿದರೆ, ಹೊಸದಾಗಿ ಏನೂ ಸೇರದಿದ್ದಲ್ಲಿ, 40 ಸುಮಾರು 16ಕ್ಕೆ ಬರುತ್ತದೆ. ಒಮ್ಮೆಗೆ 40 ಲೀಟರ್ ತಯಾರಿಸಲು ಸುಮಾರು ಒಂದೂವರೆ ಕಿಲೋ ಉಪ್ಪು ಬೇಕು. ಹಿಂದಿನ ದಿನವೇ ಡ್ರಮ್ಮಿನಲ್ಲಿ ಚಿಕ್ಕ ಪಂಪ್ ಹಾಕಿ ಕಲಕಿ, ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ ಸಾಪೇಕ್ಷ ಸಾಂದ್ರತೆ 1.025 ಬರುವಂತೆ ಹೊಂದಿಸಿ, ತೊಟ್ಟಿಯ ಉಷ್ಣತೆಗೇ ತಂದು ಬಳಸಿ. ಹೊರತೆಗೆದ ನೀರನ್ನು ಗಿಡಗಳಿಗೆ ಹಾಕಬೇಡಿ.

ಫಾಸ್ಫೇಟ್ ಮಾತ್ರ ನೀರು ಬದಲಿಸಿದರೂ ಹಠ ಹಿಡಿದು ನಿಲ್ಲುತ್ತದೆ. ಅದು ಸುಣ್ಣದ ಕಲ್ಲು ಮತ್ತು ಮರಳಿಗೆ ಅಂಟಿಕೊಳ್ಳುವ ಗುಣವುಳ್ಳದ್ದು, ನೀರಿನಲ್ಲಿ ಕಡಿಮೆಯಾದಂತೆ ಕಲ್ಲಿನಿಂದ ಬಿಡುಗಡೆಯಾಗುತ್ತದೆ. ಹಾಗಾಗಿ ಕೆಲವು ವಾರ ಸಂಖ್ಯೆ ಕದಲದಿದ್ದರೆ ಧೃತಿಗೆಡಬೇಡಿ. ಇನ್ನೊಬ್ಬರ ಹಳೆಯ ತೊಟ್ಟಿಯಿಂದ ಕಲ್ಲು ತಂದಿದ್ದರೆ, ಬಳಸುವ ಮೊದಲು ಮುಚ್ಚಿದ ಡ್ರಮ್ಮಿನ ಉಪ್ಪುನೀರಿನಲ್ಲಿ ಕತ್ತಲೆಯಲ್ಲಿಟ್ಟು, ಪಂಪ್ ಓಡಿಸುತ್ತ, ಫಾಸ್ಫೇಟ್ ಇಳಿಯುವವರೆಗೆ ಆ ನೀರನ್ನು ಬದಲಿಸುತ್ತಿರುವುದು ಒಳ್ಳೆಯದು.

ಎಂಟನೆಯ ಹೆಜ್ಜೆ: ಹೊರಹಾಕುವ ಸಾಧನಗಳು

ಪ್ರೋಟೀನ್ ಸ್ಕಿಮ್ಮರ್ ಕೊಳೆಯುವ ಮೊದಲೇ ಸಾವಯವ ಪದಾರ್ಥವನ್ನು ನೊರೆಯಾಗಿ ಎತ್ತಿ ಹಾಕುತ್ತದೆ, ಆದ್ದರಿಂದ ಮೊದಲ ಹಣವನ್ನು ಅದಕ್ಕೇ ಖರ್ಚು ಮಾಡಿ. ಎರಡನೆಯದಾಗಿ, ತೊಟ್ಟಿಯ ಕೆಳಗಿನ ಸಂಪಿನಲ್ಲಿ (ಫಿಲ್ಟರ್ ಸಾಧನಗಳನ್ನಿಡುವ ಚಿಕ್ಕ ತೊಟ್ಟಿ) ಜಾಗವಿದ್ದರೆ ಕೀಟೋಮಾರ್ಫಾ ಎಂಬ, ಗೋಜಲಾದ ಹಸಿರು ನೂಲಿನ ಉಂಡೆಯಂತಿರುವ ಪಾಚಿಯನ್ನು ಬೆಳೆಸಿ. ಬೇಕಾದ ಪಾಚಿ ಒಂದೆಡೆ ಬೆಳೆದು ಪೋಷಕಾಂಶ ಹೀರಿದರೆ ಬೇಡದ್ದಕ್ಕೆ ಉಳಿಯುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಅದರ ಒಂದು ಪಾಲನ್ನು ಕಿತ್ತು ಎಸೆದಾಗಲೇ ಈ ಲೆಕ್ಕ ಪೂರ್ಣವಾಗುವುದು. ಅದರ ದೀಪವನ್ನು ರಾತ್ರಿ ಉರಿಸಿದರೆ ರಾತ್ರಿ ಹೊತ್ತು ಪಿಎಚ್ ಇಳಿಯುವುದೂ ಕಡಿಮೆಯಾಗುತ್ತದೆ. ಕಾಲರ್ಪಾ ಜಾತಿಯನ್ನು ಕೊಟ್ಟರೆ ಬೇಡವೆನ್ನಿ. ಅದು ಕೆಲವೊಮ್ಮೆ ಒಮ್ಮೆಲೇ ಕರಗಿಹೋಗಿ ಹೀರಿದ್ದನ್ನೆಲ್ಲ ನೀರಿಗೆ ಬಿಟ್ಟುಬಿಡುತ್ತದೆ.

ಇವೆರಡರ ನಂತರವೂ ಫಾಸ್ಫೇಟ್ ಮಾತ್ರ ಹೆಚ್ಚಿದ್ದರೆ ತುಕ್ಕಿನ ಬಣ್ಣದ ಕಬ್ಬಿಣದ ಆಕ್ಸೈಡ್ ಹರಳುಗಳನ್ನು ಜಾಲರಿ ಚೀಲದಲ್ಲಿ ಹಾಕಿ ನೀರು ಹರಿಯುವಲ್ಲಿ ಇಡಬಹುದು. ಪೊಟ್ಟಣದ ಮೇಲೆ ಬರೆದಿರುವ ಪ್ರಮಾಣದ ಅರ್ಧದಿಂದ ಆರಂಭಿಸಿ, ಮೂರು ದಿನಕ್ಕೊಮ್ಮೆ ಅಳೆಯಿರಿ. ಫಾಸ್ಫೇಟ್ ಒಮ್ಮೆಲೇ ಸೊನ್ನೆಗೆ ಇಳಿದರೆ ಮುಂದೆ ಹೇಳುವ ಡೈನೋ ತೊಂದರೆಗೆ ನಾವೇ ಬಾಗಿಲು ತೆರೆದಂತೆ. ವೋಡ್ಕಾ ಅಥವಾ ವಿನೆಗರ್ ಹಾಕಿ ಬ್ಯಾಕ್ಟೀರಿಯಾ ಬೆಳೆಸುವ ಪದ್ಧತಿಯೂ ಇದೆ; ಪ್ರಮಾಣ ತಪ್ಪಿದರೆ ಆಮ್ಲಜನಕ ಕುಸಿಯುವುದರಿಂದ, ವಿದ್ಯುತ್ ಆಗಾಗ ಕೈಕೊಡುವ ಮನೆಗಳಲ್ಲಿ ಅದನ್ನು ನಾನು ಸೂಚಿಸುವುದಿಲ್ಲ.

ಒಂಬತ್ತನೆಯ ಹೆಜ್ಜೆ: ಮೇಯುವ ಜೀವಿಗಳು

ಸೆರಿತ್ ಬಸವನಹುಳುಗಳು ಗಾಜು ಮತ್ತು ಮರಳಿನ ಪೊರೆಯನ್ನು, ಚಿಕ್ಕ ಸನ್ಯಾಸಿ ಏಡಿಗಳು ಕಲ್ಲಿನ ಚಿಕ್ಕ ಕೂದಲನ್ನು ಮೇಯುತ್ತವೆ. ನಸಾರಿಯಸ್ ಬಸವನಹುಳು ಪಾಚಿ ತಿನ್ನುವುದಿಲ್ಲ. ಅದು ಉಳಿದ ಆಹಾರವನ್ನು ತಿಂದು ಮರಳನ್ನು ಕೆದಕುತ್ತದೆ, ಅದೂ ಉಪಕಾರವೇ. ಮೀನುಗಳಲ್ಲಿ ಲಾನ್‌ಮೋವರ್ ಬ್ಲೆನ್ನಿ 200 ಲೀಟರ್ ತೊಟ್ಟಿಗೆ ತಕ್ಕದ್ದು. ಟ್ಯಾಂಗ್ ಜಾತಿಯ ಮೀನುಗಳು ಪಾಚಿಯನ್ನು ಚೆನ್ನಾಗಿ ತಿನ್ನುತ್ತವೆಯಾದರೂ ಇಷ್ಟು ಚಿಕ್ಕ ಜಾಗದಲ್ಲಿ ಅವನ್ನು ಕೂಡಿಹಾಕುವುದು ಕ್ರೌರ್ಯ. ಕೂದಲು ಪಾಚಿ ಒಂದು ಇಂಚು ದಾಟಿದ ಮೇಲೆ ಬಹುತೇಕ ಜೀವಿಗಳು ಮೂಸಿಯೂ ನೋಡುವುದಿಲ್ಲ, ಆದ್ದರಿಂದ ಮೊದಲು ಕೈಯಿಂದ ಕಿತ್ತು ಗಿಡ್ಡ ಮಾಡಿಯೇ ಇವನ್ನು ಬಿಡಬೇಕು. ಪಾಚಿ ಮುಗಿದ ನಂತರ ನೋರಿ ಎಂಬ ಒಣಗಿಸಿದ ಕಡಲಕಳೆಯ ಹಾಳೆಯ ಚೂರನ್ನು ಕೊಟ್ಟು ಅವು ಹಸಿವಿನಿಂದ ಸಾಯದಂತೆ ನೋಡಿಕೊಳ್ಳುವುದು ನಮ್ಮ ಹೊಣೆ.

ಕೊಳ್ಳುವಾಗ ಕಾನೂನನ್ನೂ ನೆನಪಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಗಟ್ಟಿ ಹವಳಗಳೂ ಕಡಲ್ಗುದುರೆಗಳೂ ಸೇರಿವೆ, ಕೆಲವು ಕಡಲ ಬಸವನಹುಳುಗಳಿಗೂ ಕಾಯ್ದೆಯ ರಕ್ಷಣೆಯಿದೆ. ಕರಾವಳಿಗೆ ಹೋದಾಗ ಬಂಡೆಗಳಿಂದ ಜೀವಿಗಳನ್ನು ಕಿತ್ತು ತರುವ ಕೆಲಸ ಬೇಡ. ಸಾಕಿ ಬೆಳೆಸಿದ ಕ್ಲೌನ್ ಮೀನುಗಳ ಮೊಟ್ಟೆಕೇಂದ್ರದ ತಂತ್ರವನ್ನು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ರೂಪಿಸಿದೆ. ಅಂತಹ ಮೀನುಗಳು ಮತ್ತು ಒಣ ಕಲ್ಲಿನಿಂದಲೇ ಸುಂದರವಾದ ತೊಟ್ಟಿಯನ್ನು ಕಟ್ಟಬಹುದು.

ಹತ್ತನೆಯ ಹೆಜ್ಜೆ: ಹಠಮಾರಿಗಳಿಗೆ ಪ್ರತ್ಯೇಕ ಚಿಕಿತ್ಸೆ

ಸಯನೋಗೆ: ಕೊಳವೆಯಿಂದ ಹಾಳೆಹಾಳೆಯಾಗಿ ಎಳೆದು ತೆಗೆಯಿರಿ, ಆ ಜಾಗಕ್ಕೆ ಹರಿವು ಹೆಚ್ಚಿಸಿ, ನಂತರ ಮೂರು ದಿನ ತೊಟ್ಟಿಯನ್ನು ಕಂಬಳಿಯಿಂದ ಮುಚ್ಚಿ ಸಂಪೂರ್ಣ ಕತ್ತಲೆ ಮಾಡಿ, ಏರ್ ಪಂಪ್ ಓಡಿಸಿ. ಕತ್ತಲೆ ಮುಗಿದ ದಿನವೇ ನೀರು ಬದಲಿಸಿ. ಕೆಲವು ಸಯನೋ ಜಾತಿಗಳು ಗಾಳಿಯ ಸಾರಜನಕವನ್ನೇ ಹಿಡಿದು ಬಳಸಬಲ್ಲವು, ಆದ್ದರಿಂದ ನೈಟ್ರೇಟ್ ಸೊನ್ನೆಯಾಗಿದ್ದು ಫಾಸ್ಫೇಟ್ ಮಾತ್ರ ಉಳಿದಿರುವ ತೊಟ್ಟಿ ಅವಕ್ಕೆ ಬಹಳ ಅನುಕೂಲ. ಎರಿತ್ರೋಮೈಸಿನ್ ಮಾತ್ರೆ ಪುಡಿಮಾಡಿ ಹಾಕುವ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಆಂಟಿಬಯಾಟಿಕ್ ತೊಟ್ಟಿಯ ಉಪಯುಕ್ತ ಬ್ಯಾಕ್ಟೀರಿಯಾಗಳಿಗೂ ಏಟು ಕೊಡುತ್ತದೆ, ಆ ನೀರು ಕೊನೆಗೆ ನಮ್ಮ ಚರಂಡಿಗೇ ಹೋಗುತ್ತದೆ.

ಡೈನೋಗೆ: ಇಲ್ಲಿ ಮೇಲಿನ ಎಲ್ಲ ಉಪದೇಶ ತಿರುಗುಮುರುಗಾಗುತ್ತದೆ. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಯಾಗಿ ಇತರ ಸೂಕ್ಷ್ಮಜೀವಿಗಳು ಸೊರಗಿದ ತೊಟ್ಟಿಯಲ್ಲಿ ಡೈನೋ ರಾಜ್ಯವಾಳುತ್ತದೆ. ಪೊರೆಯೇ ಕಟ್ಟದ ಗಾಜಿನ ಬಗ್ಗೆ ಆರಂಭದಲ್ಲಿ ಅನುಮಾನ ವ್ಯಕ್ತಪಡಿಸಿದ್ದು ಇದಕ್ಕೇ. ಕಬ್ಬಿಣದ ಹರಳುಗಳನ್ನು ತೆಗೆದುಹಾಕಿ, ನೀರು ಬದಲಿಸುವುದನ್ನು ಕೆಲವು ವಾರ ನಿಲ್ಲಿಸಿ, ಆಹಾರ ಹೆಚ್ಚಿಸಿ ನೈಟ್ರೇಟ್ 5ರ ಆಸುಪಾಸಿಗೆ, ಫಾಸ್ಫೇಟ್ 0.05ಕ್ಕಿಂತ ಮೇಲಕ್ಕೆ ತನ್ನಿ. ರಾತ್ರಿ ನೀರಿನಲ್ಲಿ ತೇಲುವ ಆಸ್ಟ್ರಿಯಾಪ್ಸಿಸ್‌ನಂತಹ ಜಾತಿಗೆ ಯುವಿ ದೀಪದ ಫಿಲ್ಟರ್ ಬಹಳ ಪರಿಣಾಮಕಾರಿ, ಮೂರು ದಿನದ ಕತ್ತಲೆಯೊಂದಿಗೆ ಅದನ್ನು ಸೇರಿಸಿದರೆ ಇನ್ನೂ ಒಳ್ಳೆಯದು.

ವಲೋನಿಯಾ ಗುಳ್ಳೆಗಳನ್ನು ಒಡೆಯದಂತೆ ಬುಡದಿಂದ ಎಬ್ಬಿಸಿ ಕೊಳವೆಯಿಂದ ಎಳೆದು ತೆಗೆಯುವುದೊಂದೇ ಕೆಲಸ.

ಬ್ರಯಾಪ್ಸಿಸ್‌ಗೆ, ಮೇಲಿನ ಯಾವ ಹೆಜ್ಜೆಯೂ ಫಲಿಸದಿದ್ದಾಗ, ಹವ್ಯಾಸಿಗಳು ಬಳಸುವುದು ಫ್ಲುಕೊನಜೋಲ್ ಎಂಬ ಶಿಲೀಂಧ್ರನಾಶಕವನ್ನು. ಪ್ರಮಾಣ ಲೀಟರಿಗೆ ಸುಮಾರು 5 ಮಿಲಿಗ್ರಾಂ. ಅಂದರೆ 150 ಮಿಲಿಗ್ರಾಂನ ಒಂದು ಮಾತ್ರೆ 30 ಲೀಟರ್ ನೀರಿಗೆ. ಕಲ್ಲು ಮತ್ತು ಮರಳು ಹಿಡಿದ ಜಾಗವನ್ನು ಕಳೆದು ಲೆಕ್ಕ ಹಾಕಿ. 200 ಲೀಟರ್ ತೊಟ್ಟಿಯಲ್ಲಿ ನಿಜವಾದ ನೀರು 180 ಇದ್ದರೆ ಆರು ಮಾತ್ರೆ. ತೊಟ್ಟಿಯ ಫಿಲ್ಟರಿನಲ್ಲಿ ಔಷಧಿಯನ್ನು ಹೀರಿಬಿಡುವ ಕಾರ್ಬನ್ ಇದ್ದರೆ ಅದನ್ನು ತೆಗೆದು, ಸ್ಕಿಮ್ಮರ್ ನಿಲ್ಲಿಸಿ ಏರ್ ಪಂಪ್ ಹಾಕಿ, ಎರಡು ಮೂರು ವಾರ ಕಾದ ನಂತರ ದೊಡ್ಡ ಪ್ರಮಾಣದಲ್ಲಿ ನೀರು ಬದಲಿಸಿ ಕಾರ್ಬನ್ ಮರಳಿ ಹಾಕಬೇಕು. ಸಾಯುವ ಪಾಚಿ ತನ್ನ ಪೋಷಕಾಂಶವನ್ನು ನೀರಿಗೆ ಬಿಡುವುದರಿಂದ ಈ ಅವಧಿಯಲ್ಲಿ ವಾರಕ್ಕೆರಡು ಬಾರಿ ಅಳೆಯಿರಿ. ಇದು ವೈದ್ಯರ ಚೀಟಿಯ ಮೇಲೆ ಕೊಡಬೇಕಾದ ಮನುಷ್ಯರ ಔಷಧಿ ಎಂಬುದನ್ನು ಮರೆಯದೆ, ಗುರುತು ಖಚಿತವಾದಾಗ ಮಾತ್ರ ಈ ದಾರಿ ಹಿಡಿಯಿರಿ.

ವರ್ಷದ ಕಾಲಕ್ಕೆ ತಕ್ಕಂತೆ

ಮಾರ್ಚ್‌ನಿಂದ ಮೇವರೆಗೆ ನೀರಿನ ಉಷ್ಣತೆ 28 ಡಿಗ್ರಿ ದಾಟದಂತೆ ಫ್ಯಾನ್ ಹಾಕಿ, ತುಂಬುವ ನೀರಿನ ಟಿಡಿಎಸ್ ಅನ್ನು ವಾರಕ್ಕೊಮ್ಮೆ ನೋಡಿ. ಬೋರ್‌ವೆಲ್ ಮಟ್ಟ ಇಳಿದಾಗ ಅಥವಾ ಟ್ಯಾಂಕರ್ ನೀರು ಬಂದಾಗ ಡಿಐ ರಾಳ ನಿರೀಕ್ಷೆಗಿಂತ ಬೇಗ ಮುಗಿಯುತ್ತದೆ. ಈ ಕಾಲದ ಗುಡುಗುಮಳೆಗೆ ಕರೆಂಟ್ ಹೋದರೆ ಕನಿಷ್ಠ ಒಂದು ವೇವ್‌ಮೇಕರ್ ಇನ್ವರ್ಟರ್ ಮೇಲೆ ಓಡುವಂತಿರಲಿ, ಏಕೆಂದರೆ ಆಮ್ಲಜನಕವಿಲ್ಲದೆ ಕಲ್ಲಿನೊಳಗಿನ ಜೀವಿಗಳು ಸತ್ತ ಮುಂದಿನ ವಾರಗಳಲ್ಲಿ ಪಾಚಿ ಎದ್ದೇಳುತ್ತದೆ. ಜೂನ್ ನಂತರ ನದಿ ನೀರು ಕೆಂಪಾಗಿ ಬರುವ ದಿನಗಳಲ್ಲಿ ಆರ್‌ಒ ಘಟಕದ ಮೊದಲ ಸೆಡಿಮೆಂಟ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ, ಒಂದು ಹೆಚ್ಚುವರಿ ಫಿಲ್ಟರ್ ಮನೆಯಲ್ಲಿಟ್ಟುಕೊಳ್ಳಿ. ಉಪ್ಪಿನ ಚೀಲವೂ ಆ ತೇವಕ್ಕೆ ಗಟ್ಟಿಯಾಗುವುದರಿಂದ ಬಿಗಿ ಮುಚ್ಚಳದ ಡಬ್ಬಿಗೆ ಸುರಿದಿಟ್ಟು, ಬಳಸುವ ಮುನ್ನ ಡಬ್ಬಿಯನ್ನು ಉರುಳಿಸಿ ಚೆನ್ನಾಗಿ ಬೆರೆಸಿಕೊಳ್ಳಿ.